ಮಡಿಲಲ್ಲಿ ಮೂರು ಫ್ಯೂಜು

ಹೆಣ್ಣಿನ ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿ ತುಂಬುತ್ತಾರೆ. ನನ್ನ ಮಡಿಲಿಗೆ ಬೀಳುತ್ತಿದ್ದದ್ದು ಫ್ಯೂಜು. ಪಿಂಗಾಣಿಯವು, ಮೂರು. ನನ್ನ ಗಂಡ ಗಿಡ್ಡಯ್ಯ ಊರಿನ ಹೇಲುನೀರಿನ ಬಾವಿಗೆ ಇಳಿಯುವ ಮೊದಲು ಮೋಟರಿನ ಬೋರ್ಡಿನಿಂದ ಅವನ್ನು ಕಿತ್ತು ತಂದು ನನ್ನ ಸೆರಗಿಗೆ ಹಾಕುತ್ತಿದ್ದ. ನಾನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಗ್ಗ ಹಿಡಿದು ಬಾವಿಯ ಬಾಯಲ್ಲಿ ಕೂರುತ್ತಿದ್ದೆ. ಅವನು ಮೇಲೆ ಬಂದು, ಮೈ ತೊಳೆದು, "ಕೊಡೇ" ಎಂದ ಮೇಲೆಯೇ ಗಂಟು ಬಿಚ್ಚುವುದು. ಅಲ್ಲಿಯವರೆಗೆ ಪುರಸಭೆ ಅಧ್ಯಕ್ಷರೇ ಬಂದು ಕೇಳಿದರೂ ಕೊಡುತ್ತಿರಲಿಲ್ಲ.

ನಾನು ಹುಚ್ಚಕ್ಕ. ನಾನು ಹೇಳುತ್ತೇನೆ, ನನ್ನ ಮಗಳು ಯಮುನಾ ಬರೆಯುತ್ತಾಳೆ. ನನ್ನ ಮಾತನ್ನು ಪುಸ್ತಕದ ಮಾತು ಮಾಡುತ್ತಾಳೆ, ಬೈಗುಳ ಬಂದ ಕಡೆ ಪೆನ್ನು ಎತ್ತುತ್ತಾಳೆ. ಎತ್ತಲಿ. ಊರಿನ ಹೆಸರೂ ಬೇಡ ಎಂದಿದ್ದಾಳೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರರ ನಡುವೆ ತೆಂಗಿನ ತೋಟಗಳ ಒಳಗೆ ಎಲ್ಲೋ ಒಂದು ಊರು ಎಂದುಕೊಳ್ಳಿ. ಕೊಬ್ಬರಿ ಮಂಡಿಗಳಿವೆ, ನಾರಿನ ಫ್ಯಾಕ್ಟರಿ ಇದೆ. ಊರಿನ ಕಕ್ಕಸಿನ ನೀರೆಲ್ಲ ಇಳಿಜಾರು ಹಿಡಿದು ಬಂದು ಸೇರುವ ಬಾವಿ ಇದೆ. ಆ ಬಾವಿಯ ಪಕ್ಕದಲ್ಲೇ ನಮ್ಮ ಕಾಲೋನಿ. ನಮಗೆ ಜಾಗ ಕೊಟ್ಟವರು ತಗ್ಗು ನೋಡಿಯೇ ಕೊಟ್ಟಿದ್ದಾರೆ.

ಬಾವಿಯ ನೀರನ್ನು ಒಂದು ಪಂಪು ಎತ್ತಿ ಶುದ್ಧ ಮಾಡುವ ಕೊಳಗಳಿಗೆ ಬಿಡುತ್ತದೆ. ಅಲ್ಲಿಂದ ಇನ್ನೊಂದು ಪಂಪು ಎತ್ತಿ ಕಾಡಸಿದ್ದಪ್ಪನವರ ತೋಟಕ್ಕೆ ಬಿಡುತ್ತದೆ. ಕಾಡಸಿದ್ದಪ್ಪ ಪುರಸಭೆ ಮೆಂಬರು, ಕೊಬ್ಬರಿ ಮಂಡಿಯ ಯಜಮಾನರು. ಕೊಳದಲ್ಲಿ ನೀರು ಶುದ್ಧವಾಗುತ್ತದೆ ಅನ್ನುವುದು ಬರೀ ಬಾಯಿಮಾತು. ಆದರೆ ಅವರ ತೋಟದ ಗೊನೆ ನೋಡಿದರೆ ಕಣ್ಣು ತುಂಬುತ್ತದೆ.

ಬೇರೆ ಊರಿನ ಚರಂಡಿಯಲ್ಲಿ ಏನು ಬರುತ್ತದೋ ಕಾಣೆ. ನಮ್ಮೂರ ಚರಂಡಿಯಲ್ಲಿ ತೆಂಗು ಬರುತ್ತದೆ. ನಾರು, ಕಾಯಿಜುಟ್ಟು, ಕರಟದ ಚೂರು. ಇವು ಕೂದಲು, ಹರಕು ಬಟ್ಟೆಯ ಜೊತೆ ಹೆಣೆದುಕೊಂಡು ಪಂಪಿನ ಬಾಯಿಗೆ ಸುತ್ತಿಕೊಳ್ಳುತ್ತವೆ. ಪಂಪು ಗೊರಗೊರ ಅಂದು ನಿಲ್ಲುತ್ತದೆ. ತಡೆಯಲು ಕಬ್ಬಿಣದ ಜಾಲರಿ ಇತ್ತು, ಎಂದೋ ತುಕ್ಕು ತಿಂದು ಹೋಯಿತು. ಹೊಸದು ಎಸ್ಟಿಮೇಟಿನಲ್ಲಿತ್ತು, ಬಾವಿಯಲ್ಲಿರಲಿಲ್ಲ. ಪಂಪು ನಿಂತರೆ ಒಂದೇ ಕೂಗು.

"ಲೇ ಗಿಡ್ಡಾ, ಬಾರ್ಲಾ!"

ಅವನು ಹೋಗುತ್ತಿದ್ದ. ಮೈಮೇಲೆ ಚಡ್ಡಿ ಒಂದೇ. ಹೊಟ್ಟೆಯಲ್ಲಿ ಒಂದು ಪ್ಯಾಕೆಟ್ಟು ಸಾರಾಯಿ, ಇಲ್ಲದಿದ್ದರೆ ಮನುಷ್ಯನಾದವನು ಆ ನೀರಿಗೆ ಇಳಿಯಲಾರ. ತಳದಲ್ಲಿ ಕಣ್ಣು ಕಾಣುವುದಿಲ್ಲ, ಪಂಪಿನ ಬಾಯನ್ನು ಕೈಯಲ್ಲೇ ಹುಡುಕಬೇಕು. ಮುಳುಗಿ, ತೋಳು ತೂರಿಸಿ, ನಾರನ್ನು ಹಿಡಿಹಿಡಿಯಾಗಿ ಕೀಳಬೇಕು. ಕರಟದ ಅಂಚು ಬೆರಳು ಸೀಳುತ್ತಿತ್ತು. ಸೀಳಿದ್ದು ಮಾಯುವ ಮೊದಲೇ ಮತ್ತೆ ಕೂಗು. ಮನೆಗೆ ಬಂದರೆ ಮುದ್ದೆ ಮುರಿಯಲು ತನ್ನ ಕೈ ತನಗೇ ಹೇಸಿಗೆ. ನಾನು ತುತ್ತು ಮಾಡಿ ಬಾಯಿಗೆ ಇಡುತ್ತಿದ್ದೆ. ಸಾಬೂನು ಎಷ್ಟು ಸವೆದರೂ ಆ ವಾಸನೆ ಹೋಗುತ್ತಿರಲಿಲ್ಲ.

ಇವನಿಗಿಂತ ಮೊದಲು ಇಳಿಯುತ್ತಿದ್ದವನು ಇವನ ಅಣ್ಣ ಲಕ್ಷ್ಮಯ್ಯ. ಮೇಲಿನ ಬೀದಿಯ ಮದುವೆಮನೆಯ ಮುಂದೆ ಚರಂಡಿ ಉಕ್ಕಿತು ಎಂದು ಅವಸರ ಮಾಡಿ ಇಳಿಸಿದ್ದರು. ಅವನ ತೋಳು ಪಂಪಿನೊಳಗೆ ಇರುವಾಗಲೇ ಮೇಲೆ ಯಾರೋ ಸ್ಟಾರ್ಟರ್ ಒತ್ತಿದರು. ಯಾರು ಎಂದು ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ. ಬಲಗೈ ಮೊಣಕೈವರೆಗೆ ಹೋಯಿತು. ಅವನು ನಮ್ಮ ನೌಕರನೇ ಅಲ್ಲ ಅಂದಿತು ಪುರಸಭೆ. ಆವತ್ತು ನನ್ನ ಅತ್ತೆ ಮಗನ ರಕ್ತ ಹತ್ತಿದ ಸೀರೆಯಲ್ಲೇ ಬೋರ್ಡಿನ ಮುಂದೆ ನಿಂತು ಎದೆ ಬಡಿದುಕೊಂಡಳು.

"ಇನ್ ಮ್ಯಾಕೆ ಪೀಜು ಕಿತ್ತು ಹೆಂಡ್ರು ಮಡ್ಲಿಗೆ ಹಾಕ್ದೆ ನನ್ ಮಕ್ಳು ಇಳಿಯಾಕಿಲ್ಲ ಕಣ್ರಪ್ಪೋ!"

ಅದೇ ನಮ್ಮ ಕಾನೂನು. ಎಲ್ಲೂ ಬರೆದಿಟ್ಟದ್ದಲ್ಲ. ಪಂಪಿನ ಆಪರೇಟರ್ ಬಸವರಾಜು ಹೊಲ ತೋಟ ಇದ್ದವರ ಮಗ, ನಮ್ಮ ನೆರಳು ಬಿದ್ದರೆ ಪಕ್ಕಕ್ಕೆ ಸರಿಯುವವನು. ಅವನೂ ಅದಕ್ಕೆ ಅಡ್ಡ ಬಂದಿರಲಿಲ್ಲ.

ಆಮೇಲೆ ಹೊಸ ಪೆಟ್ಟಿಗೆ ಬಂತು.

ಹಳೆಯದು ಮರದ ಹಲಗೆ, ಎಣ್ಣೆ ಸೋರುವ ಸ್ಟಾರ್ಟರ್. ಒತ್ತಿದರೆ ಕಿಡಿ ಹಾರುತ್ತಿತ್ತು. ಅದರ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ ಎಂದು ಹೊಸದು ಮಂಜೂರಾಗಿತ್ತು. ಬಾವಿಗೆ ಎದುರಾದ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆ, ಮೈತುಂಬ ಬಣ್ಣದ ದೀಪ. ಕೂರಿಸಲು ಬಂದ ಇಂಜಿನಿಯರ್ ರಂಗನಾಥ್ ಕೆಟ್ಟ ಮನುಷ್ಯನಲ್ಲ. ನಾನು ಕೇಳಿದ್ದಕ್ಕೆ ಮುಖ ನೋಡಿ ಉತ್ತರ ಕೊಟ್ಟರು.

"ಸಾ, ಇದ್ರಲ್ಲಿ ಪೀಜು ಎಲ್ಲವೆ?"

"ಕಿತ್ತು ತೆಗೆಯೋ ಫ್ಯೂಸ್ ಇದರಲ್ಲಿ ಇಲ್ಲಮ್ಮ. ಎಲ್ಲ ಆಟೋಮ್ಯಾಟಿಕ್. ಬಾವೀಲಿ ನೀರು ಏರಿದ್ರೆ ತಾನೇ ಶುರುವಾಗುತ್ತೆ, ಇಳಿದ್ರೆ ತಾನೇ ನಿಲ್ಲುತ್ತೆ."

"ಮತ್ತೆ ಇವ್ನು ಇಳಿಯೋವಾಗ?"

"ಇನ್ನು ಮನುಷ್ಯರು ಇಳಿಯೋದೇ ಇಲ್ಲಮ್ಮ. ಕಟ್ಟಿಕೊಂಡ್ರೆ ಸೈರನ್ ಹೊಡೆಯುತ್ತೆ, ಮೆಷಿನ್ ಗಾಡಿ ಬಂದು ಎಳೆದು ಹಾಕುತ್ತೆ." ಆಮೇಲೆ ಪೆಟ್ಟಿಗೆಯ ಪಕ್ಕದ ಕೆಂಪು ಹಿಡಿ ತೋರಿಸಿದರು. "ಅಂಥಾ ರಿಪೇರಿ ಏನಾದ್ರೂ ಬಂದ್ರೆ ಈ ಹಿಡಿ ಕೆಳಕ್ಕೆ ಎಳೆದು ಬೀಗ ಹಾಕೋದು. ಆಮೇಲೆ ಬ್ರಹ್ಮ ಬಂದ್ರೂ ಮೋಟರು ಅಲ್ಲಾಡಲ್ಲ."

ನಾವು ನಂಬಿದೆವು. ಗಿಡ್ಡಯ್ಯ ಬಾವಿಯ ಚಡ್ಡಿಯನ್ನು ಒಲೆಗೆ ಹಾಕಿ ಸುಟ್ಟ. ಹಗ್ಗ ಗಟ್ಟಿ ಇದೆ, ನೀರು ಸೇದಲು ಇಟ್ಟುಕೊಳ್ಳೋಣ ಎಂದೆ. "ಥೂ, ಆ ಹಗ್ದಾಗೆ ನೀರು ಸೇದ್ತಾಳಂತೆ" ಎಂದು ನಕ್ಕ. ಅವನು ಹಾಗೆ ನಕ್ಕು ಯಾವ ಕಾಲವಾಗಿತ್ತೋ. ಕೊನೆಗೆ ಆ ಹಗ್ಗದಲ್ಲಿ ಆಡು ಕಟ್ಟಿದೆವು. ಹಳೆಯ ಬೋರ್ಡು ಗುಜರಿಗೆ ಹೋಗುವಾಗ ಆ ಮೂರು ಫ್ಯೂಜು ಕೊಡು ಎಂದು ಬಸವರಾಜುವನ್ನು ಕೇಳಿದೆ. ಕೈಗೆ ಕೊಡಲಿಲ್ಲ. ನೆಲಕ್ಕೆ ಎಸೆದು "ಎತ್ಕೋ" ಎಂದ. ಎತ್ತಿಕೊಂಡು ಹೋಗಿ ಗೋಡೆಯ ಗೂಡಿನಲ್ಲಿಟ್ಟೆ.

ಪೆಟ್ಟಿಗೆಯ ಉದ್ಘಾಟನೆಗೆ ಶಾಮಿಯಾನ ಹಾಕಿದರು. ಬಾವಿಯ ಸುತ್ತ ಗಂಜಲ ಚಿಮುಕಿಸಿದರು. ಪೆಟ್ಟಿಗೆಗೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಎರಡೂ ಕಡೆ ಬಾಳೆಕಂದು. ನಮ್ಮ ಕಾಲೋನಿಯವರು ಬೇಲಿಯ ಆಚೆ. "ಪೂಜೆ ಮುಗಿಯೋಗಂಟ ಈಚೆಗೆ ಬರ್ಬ್ಯಾಡ್ರಪ್ಪ" ಎಂದು ಬಸವರಾಜು ಹೇಳಿ ಹೋಗಿದ್ದ. ಆ ನೆಲದ ಮೇಲೆ ಗಿಡ್ಡಯ್ಯ ಅದೆಷ್ಟು ಸಲ ವಾಂತಿ ಮಾಡಿಕೊಂಡಿದ್ದಾನೋ. ಗಂಜಲ ಬಿದ್ದ ಕೂಡಲೇ ಅದು ಅವರ ನೆಲವಾಯಿತು.

"ಇಂದಿನಿಂದ ನಮ್ಮ ಊರಿನಲ್ಲಿ ಯಾವ ಮನುಷ್ಯನೂ ಈ ಬಾವಿಗೆ ಇಳಿಯುವುದಿಲ್ಲ" ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಬೇಲಿಯ ಆಚೆಯಿಂದ ನಾನೂ ಚಪ್ಪಾಳೆ ಹೊಡೆದೆ. ಸುಳ್ಳು ಯಾಕೆ ಹೇಳಲಿ, ಜೋರಾಗಿಯೇ ಹೊಡೆದೆ.

ಆಮೇಲೆ ಈಡುಗಾಯಿ. ಕಾಡಸಿದ್ದಪ್ಪನವರು ತಮ್ಮ ತೋಟದ ಕಾಯಿ ಗೋಣಿಚೀಲಗಳಲ್ಲಿ ತರಿಸಿದ್ದರು. ತೆಂಗಿನ ಸೀಮೆಯಲ್ಲಿ ದೊಡ್ಡವರು ಒಂದೇ ಕಾಯಿ ಒಡೆದರೆ ಮರ್ಯಾದೆ ಉಳಿಯುತ್ತದೆಯೇ? ಬಾವಿಯ ಕಟ್ಟೆಯ ಕಲ್ಲಿಗೆ ಎತ್ತಿ ಎತ್ತಿ ಕುಕ್ಕಿದರು. ಅವರಾದ ಮೇಲೆ ಅಧ್ಯಕ್ಷರು, ಅವರಾದ ಮೇಲೆ ಕಂಟ್ರಾಕ್ಟರು. ಬೇರೆ ಕಡೆಯಾದರೆ ಈಡುಗಾಯಿ ನೆಲಕ್ಕೆ ಬೀಳುವ ಮೊದಲೇ ಮಕ್ಕಳು ಮುಗಿಬಿದ್ದು ಆರಿಸುತ್ತವೆ. ಇಲ್ಲಿ ಯಾರೂ ಆರಿಸಲಿಲ್ಲ. ಹೇಲುಬಾವಿಯ ಕಟ್ಟೆಯ ಮೇಲಿನ ಕಾಯಿಯನ್ನು ಅವರಲ್ಲಿ ಯಾರು ತಿನ್ನುತ್ತಾರೆ? ಆರಿಸಬಲ್ಲ ನಾವು ಬೇಲಿಯ ಆಚೆ ಇದ್ದೆವು. ಫೋಟೋಗೆ ಜಾಗ ಚೊಕ್ಕಟವಾಗಿರಲಿ ಎಂದು ಬಸವರಾಜು ಪೊರಕೆ ತೆಗೆದುಕೊಂಡು, ಕರಟ, ನಾರು, ಜುಟ್ಟು ಎಲ್ಲವನ್ನೂ ಬಾವಿಯೊಳಕ್ಕೇ ಗುಡಿಸಿಬಿಟ್ಟ.

ಅಧ್ಯಕ್ಷರು ಹಸಿರು ಗುಂಡಿ ಒತ್ತಿದರು. ಪಂಪು ಶುರುವಾಯಿತು. ಚಪ್ಪಾಳೆ. ಕೇಸರಿಬಾತಿನ ಎಲೆ ಕೈಯಿಂದ ಕೈಗೆ ಹೋಗುತ್ತಿರುವಾಗಲೇ ಬಾವಿಯಲ್ಲಿ ಗೊರಗೊರ ಸದ್ದಾಯಿತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು, ಸೈರನ್ ಹೊಡೆದುಕೊಂಡಿತು. ಕಾಡಸಿದ್ದಪ್ಪನವರ ಕೈಯಲ್ಲಿದ್ದ ಎಲೆ ವಾಲಿ ಕೇಸರಿಬಾತು ಪಂಚೆಯ ಮೇಲೆ ಬಿತ್ತು.

ಮೆಷಿನ್ ಗಾಡಿ ಎಲ್ಲಿ ಎಂದು ಯಾರೋ ಕೇಳಿದರು. ಗಾಡಿ ಇನ್ನೂ ಟೆಂಡರಿನಲ್ಲಿದೆ ಎಂದು ಯಾರೋ ಅಂದರು.

"ಲೇ ಗಿಡ್ಡಾ, ಬಾರ್ಲಾ!"

ಅದೇ ಕೂಗು. ಬೇಲಿಯ ಗೇಟು ತೆರೆದರು. ಪೂಜೆಗೆ ಆಗದವರು ಕಟ್ಟಿಕೊಂಡ ಪಂಪಿಗೆ ಆದೆವು. ಆ ತೋಟದ ಕಾಯಿ ಊರಿನ ಹೇಲುನೀರು ಕುಡಿದು ಬೆಳೆದದ್ದು. ಅದು ದೇವರಿಗೆ ಆಗುತ್ತದೆ, ನಾವು ಆಗುವುದಿಲ್ಲ.

ಗಿಡ್ಡಯ್ಯ ಅವತ್ತು ಹೊಸ ಅಂಗಿ ಹಾಕಿದ್ದ. ಯಾರೂ ಹೇಳುವ ಮೊದಲೇ ಅವನ ಕೈ ಅಂಗಿ ಬಿಚ್ಚಲು ಹೋಯಿತು, ಅಭ್ಯಾಸ. ನಾನು ಓಡಿ ಹೋಗಿ ಆಡು ಬಿಚ್ಚಿ ಹಗ್ಗ ತಂದೆ. ಅದೂ ಅಭ್ಯಾಸವೇ. ಬಾವಿಯ ಬಾಯಿಗೆ ಬಂದು, ಎಂದಿನಂತೆ ಸೆರಗು ಹಿಡಿದೆ. ಹಾಕಲು ಅವನ ಕೈಯಲ್ಲಿ ಏನೂ ಇರಲಿಲ್ಲ. ನಾನು ಬಸವರಾಜುವಿನ ಕಡೆ ತಿರುಗಿದೆ.

"ಬಸ್ರಾಜಣ್ಣ, ಆ ಕೆಂಪು ಹಿಡಿ ಎಳ್ದು ಬೀಗ ಹಾಕು. ಬೀಗದ್ ಕೈ ನನ್ ಮಡ್ಲಿಗೆ ಹಾಕು. ಆಮ್ಯಾಕೆ ಇಳೀತಾನೆ."

"ಪಂಪು ನಿಲ್ಸಿವ್ನಿ ಕಣೇ. ಗುಂಡಿ ಒತ್ತಿವ್ನಿ. ಇನ್ನೇನಾಗ್ಬೇಕು ನಿಂಗೆ?"

"ಹಿಡಿ ಎಳಿ."

"ಹಿಡಿ ಎಳದ್ರೆ ಎಲ್ಡು ಪಂಪೂ ನಿಂತೋಯ್ತವೆ. ಯಜಮಾನ್ರ ತ್ವಾಟುಕ್ಕೆ ನೀರು ಹೋಯ್ತಾ ಐತೆ."

"ಒಂದ್ ಗಳ್ಗೆ ನೀರು ನಿಂತ್ರೆ ತೆಂಗಿನ್ ಮರ ಸತ್ತೋಯ್ತದಾ? ಇವ್ನು ಸಾಯ್ತಾನೆ ಕಣಣ್ಣ!"

ಕಾಡಸಿದ್ದಪ್ಪನವರು ಪಂಚೆ ಒರೆಸಿಕೊಳ್ಳುತ್ತಾ ಬಂದರು. "ಏನಂತೆ ಇವ್ಳುದು?"

"ಬೀಗದ್ ಕೈ ಬೇಕಂತೆ ಯಜಮಾನ್ರೇ, ಮಡ್ಲಿಗೆ."

"ಪೂಜೆ ಆದ ಪೆಟ್ಗೆ ಬೀಗದ್ ಕೈ ಇವ್ಳ ಮಡ್ಲಿಗಾ? ಇವತ್ತು ಇದು ಕೇಳ್ತಾಳೆ, ನಾಳೆ ಗುಡಿ ಬೀಗದ್ ಕೈ ಕೇಳ್ತಾಳೆ!"

ಎಲ್ಲರೂ ನಕ್ಕರು. ರಂಗನಾಥ್ ಮಾತ್ರ ಮುಂದೆ ಬಂದು, "ಸರ್, ಒಂದೈದು ನಿಮಿಷ ಮೈನ್ ಆಫ್ ಮಾಡಿಬಿಡೋಣ" ಎಂದರು. ಕಾಡಸಿದ್ದಪ್ಪನವರು ಅವರ ಕಡೆ ತಿರುಗಿ, "ನಿಮ್ ಬಿಲ್ಲು ಇನ್ನೂ ಪಾಸಾಗಿಲ್ಲ ಅಲ್ವೇನ್ರೀ?" ಎಂದರು. ಇಂಜಿನಿಯರ್ ಬಾಯಿ ಮುಚ್ಚಿತು. ಅದೊಂದು ಮಾತಿಗೆ ಮುಚ್ಚಿಹೋಗುವ ಬಾಯಿ ಅದು.

"ಬುಡೇ, ಇಳ್ದು ಬತ್ತೀನಿ" ಎಂದ ನನ್ನ ಗಂಡ. "ಎಲ್ಲಾರೂ ನೋಡ್ತಾವ್ರೆ."

"ನೋಡ್ಲಿ. ನಿಮ್ಮಣ್ಣನ್ ಕೈ ಹೋದಾಗ್ಲೂ ನೋಡ್ತಿದ್ರು."

"ನಾಳೆ ಕೆಲ್ಸದಿಂದ ತೆಗೀತಾರೆ. ಉಣ್ಣಾಕೆ ನಿಮ್ಮಪ್ಪ ತಂದಾಕ್ತಾನೇನೇ?"

ಹಗ್ಗದ ತುದಿ ಕಿತ್ತುಕೊಂಡು ಸೊಂಟಕ್ಕೆ ಬಿಗಿದುಕೊಂಡ. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಅವನು ಕಬ್ಬಿಣದ ಮೆಟ್ಟಿಲಿಗೆ ಕಾಲಿಟ್ಟ. ಕೆಳಗಡೆ ನೀರು ಏರುತ್ತಿತ್ತು, ಅದರ ಮೇಲೆ ಬಿಳಿ ಕಾಯಿಚೂರು ತೇಲುತ್ತಿದ್ದವು. ನಾನು ಹಗ್ಗ ಸಡಿಲ ಬಿಡಲಿಲ್ಲ. ಕಟ್ಟೆಗೆ ಎರಡೂ ಕಾಲು ಕೊಟ್ಟು ಹಿಂದಕ್ಕೆ ಜಗ್ಗಿದೆ. ಅಂಗೈ ಸುಲಿದು ಉರಿಯಿತು. ಬಿಡಲಿಲ್ಲ.

"ಗಂಡನ್ನ ಎಮ್ಮೆ ಜಗ್ದಂಗೆ ಜಗ್ತಾಳೆ ನೋಡ್ರಲಾ!"

ಶಾಮಿಯಾನವೆಲ್ಲ ನಗು. ಗಿಡ್ಡಯ್ಯ ಆಯ ತಪ್ಪಿ ಕಟ್ಟೆಯ ಈಚೆ ಬಿದ್ದ, ಗುಡಿಸಿ ಉಳಿದ ಕರಟದ ಚೂರು ಮೊಣಕಾಲಿಗೆ ಹೊಕ್ಕು ರಕ್ತ ಬಂತು. ಎದ್ದವನೇ ನನ್ನನ್ನು ಹೊಡೆಯಲು ಕೈ ಎತ್ತಿದ. ಊರೆಲ್ಲ ನಗುವಾಗ ಗಂಡಸು ಹೊಡೆಯುವುದು ಹೆಂಡತಿಯನ್ನೇ.

ಆಗ ಪೆಟ್ಟಿಗೆಯಲ್ಲಿ ಟಕ್ ಎಂದಿತು. ಕೆಂಪು ಆರಿ ಹಸಿರು ಹತ್ತಿತು. ಯಾರೂ ಮುಟ್ಟಿರಲಿಲ್ಲ, ಬಾವಿಯ ನೀರು ಏರಿತ್ತು ಅಷ್ಟೇ. ಬಾವಿಯ ತಳದಿಂದ ಮೋಟರು ಗರ್ರ್ ಎಂದು ಎದ್ದಿತು. ನೀರು ಗಿರಗಿರ ತಿರುಗಿ ಕಾಯಿಚೂರುಗಳನ್ನು ಒಳಕ್ಕೆ ಎಳೆದುಕೊಂಡು ಜಗಿಯಿತು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅವರು ಏನು ಮಾಡಿದರು ಹೇಳಲೇ? ಚಪ್ಪಾಳೆ ಹೊಡೆದರು.

"ಶುರುವಾಯ್ತು! ತಾನೇ ಶುರುವಾಯ್ತು!" ಎಂದು ಅಧ್ಯಕ್ಷರು ಕುಣಿದಾಡಿದರು. "ನೋಡಿದ್ರಾ, ಆಟೋಮ್ಯಾಟಿಕ್ಕು!" ಫೋಟೋದವನು ಪೆಟ್ಟಿಗೆಯ ಫೋಟೋ ತೆಗೆದ. ಇವನು ಒಳಗಿದ್ದಿದ್ದರೆ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಅವರ ಅಪ್ಪನ ಗಂಟು ಹೋಗುತ್ತಿತ್ತೇ, ಅನ್ನಲು! ರಂಗನಾಥ್ ನೆಲ ನೋಡುತ್ತ ನಿಂತಿದ್ದರು. ಬೇಲಿಯ ಆಚೆ ಲಕ್ಷ್ಮಯ್ಯ ಮೊಂಡುಗೈಯನ್ನು ಎಡಗೈಯಲ್ಲಿ ಅವುಚಿಕೊಂಡು ಕುಕ್ಕರಿಸಿ ಕೂತುಬಿಟ್ಟ. ಗಿಡ್ಡಯ್ಯ ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಆ ಕೈಯನ್ನು ತಾನೇ ನೋಡಿಕೊಂಡ, ಆಮೇಲೆ ನನ್ನನ್ನು ನೋಡಿದ.

ಪಂಪು ಮತ್ತೆ ಗೊರಗೊರ ಅಂದು ನಿಂತಿತು. ಸೈರನ್.

"ಹೂಂ, ಈಗ ಇಳೀಲಾ" ಎಂದ ಬಸವರಾಜು.

ಗಿಡ್ಡಯ್ಯ ಸೊಂಟದ ಹಗ್ಗ ಬಿಚ್ಚಿದ. ಅಂಗಿ ಎತ್ತಿ, ಕೊಡವಿ, ತೊಟ್ಟುಕೊಂಡ.

"ಇಳಿಯಾಕಿಲ್ಲ."

"ಏನಂದೆ?"

"ಇವ್ಳ ಮಡ್ಲಿಗೆ ಬೀಗದ್ ಕೈ ಬೀಳೋಗಂಟ ಇಳಿಯಾಕಿಲ್ಲ. ನೀವೇ ಇಳೀರಿ. ನೀವೇ ತಾನೆ ಗುಡ್ಸಿದ್ದು!"

ನಾವು ಗೇಟು ದಾಟಿ ಮನೆಗೆ ಬಂದೆವು. ಹಿಂದಿನಿಂದ ಬಂದ ಬೈಗುಳವನ್ನು ಯಮುನಾ ಬರೆಯುವುದಿಲ್ಲವಂತೆ. ನಮ್ಮ ಜಾತಿ ಹಿಡಿದೇ ಬೈದರು, ಅಷ್ಟು ಬರಿ ಎಂದಿದ್ದೇನೆ.

ಇದು ಗೆದ್ದ ಕಥೆ ಎಂದುಕೊಳ್ಳಬೇಡಿ. ಬಾವಿ ತುಂಬಿದರೆ ನೀರು ಮೊದಲು ಬರುವುದು ಅಧ್ಯಕ್ಷರ ಮನೆಗಲ್ಲ, ತಗ್ಗಿನಲ್ಲಿರುವ ನಮ್ಮ ಕಾಲೋನಿಗೆ. ಮಾರನೆಯ ದಿನವೇ ಹೊಸಿಲು ದಾಟಿ ಒಳಗೆ ಬಂತು. ಒಲೆ ಮುಳುಗಿತು. ಪಕ್ಕದ ಮನೆಯ ಸಿದ್ದಕ್ಕನ ರಾಗಿ ಚೀಲ ಅಡಿಯಿಂದ ನೆನೆದು ಹೇಲು ಹೀರಿಕೊಂಡಿತು. ಅವಳು ಬಾಗಿಲಿಗೆ ಬಂದು ಮಣ್ಣು ತೂರಿದಳು.

"ನಿನ್ ಗಂಡ ಉಳ್ಕಂಡ, ನನ್ ಮಕ್ಳ ರಾಗಿ ಹೋಯ್ತಲ್ಲೇ. ನಿನ್ ಹಟ ಹಾಳಾಗ!"

ಅವಳ ಮಾತು ಸುಳ್ಳಲ್ಲ. ನಮ್ಮ ಮನೆಯ ರಾಗಿಯಲ್ಲಿ ಅರ್ಧ ಅಳೆದು ಅವಳ ಬಾಗಿಲಿಗೆ ಇಟ್ಟು ಬಂದೆ. ತೆಗೆದುಕೊಂಡಳು, ಮಾತಾಡಿಸಲಿಲ್ಲ. ಗಿಡ್ಡಯ್ಯನ ಕೆಲಸ ಹೋಯಿತು. ಕಾಯಿ ಸುಲಿಯಲು ಹೋದರೆ ಯಾವ ಮಂಡಿಯಲ್ಲೂ ಸೇರಿಸಲಿಲ್ಲ, ಕಾಡಸಿದ್ದಪ್ಪನವರ ಮಾತು ಎಲ್ಲ ಮಂಡಿಗೂ ಮುಟ್ಟಿತ್ತು. ಇವನು ಹಗಲೆಲ್ಲ ಗೋಡೆಗೆ ಒರಗಿ ಕೂರುತ್ತಿದ್ದ. ಇಳಿದೇ ಬಿಡಲಾ ಎಂದು ಒಮ್ಮೆ ಕೇಳಿದ. ನನಗೂ ಹಾಗೆ ಅನ್ನಿಸಿತ್ತು.

ಆಗ ಆ ಹುಡುಗಿ ಬಂದಳು. ಮಾಯಸಂದ್ರದ ಕಡೆಯವಳು, ನಮ್ಮವಳೇ. ಕಂಕುಳಲ್ಲಿ ಕೂಸು, ಸೀರೆ ಎತ್ತಿ ಕಟ್ಟಿಕೊಂಡು ನಮ್ಮ ಅಂಗಳದ ಹೇಲುನೀರು ತುಳಿದುಕೊಂಡೇ ಬಂದು ನಿಂತಳು. ಅವಳ ಗಂಡನನ್ನು ಬಾವಿಗೆ ಇಳಿಸಲು ಕರೆತಂದಿದ್ದರು.

"ಅಕ್ಕ, ನಿಮ್ತಾವ ಹಗ್ಗ ಐತಂತಲ್ಲ. ಕೊಟ್ಟಿರ್ತೀಯಾ?"

ಅವಳ ಮಡಿಲು ಉಬ್ಬಿತ್ತು. "ಅದೇನವ್ವ ಮಡ್ಲಾಗೆ?" ಎಂದೆ.

ನಾಚಿಕೊಂಡು ಬಿಚ್ಚಿ ತೋರಿಸಿದಳು. ಒಂದು ಕಾಯಿ, ಎಲೆ, ಅಡಿಕೆ. "ಮೆಂಬ್ರು ಕೊಡ್ಸಿದ್ರು ಕಣಕ್ಕ, ಒಳ್ಳೇದಾಗ್ಲಿ ಅಂತ. ಮದ್ವೇಲೂ ನಂಗೆ ಇಷ್ಟು ದಪ್ಪ ಕಾಯಿ ಮಡ್ಲಿಗೆ ಬಿದ್ದಿರ್ಲಿಲ್ಲ."

ಇವನು ಇಳಿಯದಿದ್ದರೆ ಅವನು ಇಳಿಯುತ್ತಾನೆ. ಅವನೂ ಇಲ್ಲದಿದ್ದರೆ ಇನ್ನೊಬ್ಬನನ್ನು ತರುತ್ತಾರೆ. ನಮ್ಮ ಹಟ್ಟಿಗಳಿಗೇನು ಬರವೇ? ಗೂಡಿನಿಂದ ಮೂರು ಫ್ಯೂಜು ತೆಗೆದು ಅವಳ ಕೈಗಿಟ್ಟೆ. ಲಕ್ಷ್ಮಯ್ಯನನ್ನು ಕರೆದೆ. ಅವನು ಮೊಂಡುಗೈ ತೋರಿಸಿದ. ನಾನು ಎಲ್ಲವನ್ನೂ ಹೇಳಿದೆ, ಪೆಟ್ಟಿಗೆ ತಾನೇ ಎದ್ದದ್ದು, ಅವರು ಚಪ್ಪಾಳೆ ಹೊಡೆದದ್ದು, ಎಲ್ಲ.

"ಈ ಪೀಜು ಈಗ ಕೆಲ್ಸಕ್ಕೆ ಬರಾಕಿಲ್ಲ ಕಣವ್ವ. ಈಗ್ಲುದು ಬೀಗದ್ ಕೈ. ಕೆಂಪು ಹಿಡಿ ಕೆಳಕ್ಕೆ ಎಳೀಬೇಕು, ನಿನ್ ಕಣ್ಮುಂದೆ ಬೀಗ ಹಾಕ್ಬೇಕು, ಬೀಗದ್ ಕೈ ನಿನ್ ಮಡ್ಲಿಗೆ ಬೀಳ್ಬೇಕು. ಹಗ್ಗ ತಗಂಡು ಹೋಗು. ಆದ್ರೆ ಕೇಳು."

ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ಫ್ಯೂಜುಗಳನ್ನು ನನಗೆ ತಿರುಗಿ ಕೊಟ್ಟಳು. ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟಳು. ನಾನು ಹಿಂದೆಯೇ ಹೋದೆ, ನನ್ನ ಹಿಂದೆ ಗಿಡ್ಡಯ್ಯ. ತಿರುಗಿ ನೋಡಿದರೆ ಸಿದ್ದಕ್ಕನೂ ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು.

ಬಾವಿಯ ಕಟ್ಟೆಯ ಮೇಲೆ ಆ ಹುಡುಗಿಯ ಗಂಡ ಅಂಗಿ ಬಿಚ್ಚಿ ಕೂತಿದ್ದ, ಇನ್ನೂ ಮೀಸೆ ದಪ್ಪವಾಗದವನು. ಕಾಡಸಿದ್ದಪ್ಪನವರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಬಸವರಾಜು ಬೀಗದ ಕೈಯ ಗೊಂಚಲನ್ನು ಬೆರಳಲ್ಲಿ ಆಡಿಸುತ್ತ ಪೆಟ್ಟಿಗೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದ.

"ಹಗ್ಗ ಕೊಡಮ್ಮ, ಹೊತ್ತಾಯ್ತು" ಎಂದ.

ಅವಳು ಕೂಸನ್ನು ನನ್ನ ಕೈಗೆ ಕೊಟ್ಟಳು. ಗಂಡನ ಕಡೆ ಹೋಗಲಿಲ್ಲ. ನೆಟ್ಟಗೆ ಕೋಣೆಯ ಬಾಗಿಲಿಗೆ ನಡೆದಳು. ಮಡಿಲು ಬಿಚ್ಚಿದಳು. ಎಲೆ, ಅಡಿಕೆ, ಕಾಯಿ ಮೂರನ್ನೂ ತೆಗೆದು ಹೊಸಿಲ ಮೇಲೆ ಇಟ್ಟಳು. ಖಾಲಿ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು.

"ಇದು ಬ್ಯಾಡ ಕಣ್ರೀ. ಬೀಗದ್ ಕೈ ಹಾಕಿ."